ಮಡುವಿನ ಹುಲ್ಲು

ವಿಲಾಯತಿಯಲ್ಲಿ ಲಡಾಯಿ ಶುರುವಾದ ಮರುವರ್ಷ, ಶಿವರಾತ್ರಿ ಕಳೆದ ನಾಲ್ಕನೇ ದಿನ, ಆಳಂದದ ತೊಗರಿ ವ್ಯಾಪಾರಿ ಕಲ್ಯಾಣಪ್ಪನವರ ಮನೆಗೆ ಒಂದು ಗಾಜಿನ ತೊಟ್ಟಿ ಬಂತು. ಗುಲ್ಬರ್ಗಾದಿಂದ ಎತ್ತಿನ ಗಾಡಿಯಲ್ಲಿ, ಜೋಳದ ಕಣಿಕೆಯ ನಡುವೆ, ಬಾಣಂತಿಯನ್ನು ಕರೆತಂದಷ್ಟು ಜೋಪಾನವಾಗಿ ಅದನ್ನು ತಂದವನು ಅವರ ಮಗ ದೌಲತರಾಯ. ಅಲ್ಲಿ ಯಾರೋ ದೊಡ್ಡ ಸಾಹೇಬ ವರ್ಗವಾಗಿ ಹೋಗುವಾಗ ಬಂಗಲೆಯ ಸಾಮಾನು ಹರಾಜಿಗಿಟ್ಟಿದ್ದ. ಮಂದಿ ಕುರ್ಚಿ, ಗಡಿಯಾರ ಎಂದು ಮುಗಿಬಿದ್ದರೆ ನಮ್ಮ ದೌಲತರಾಯನ ಕಣ್ಣು ಇದರ ಮೇಲೆ ಬಿತ್ತು. ಎರಡು ಮೊಳ ಉದ್ದ, ಒಂದು ಮೊಳ ಎತ್ತರ, ಮೂಲೆಗಳಿಗೆ ಕಬ್ಬಿಣದ ಪಟ್ಟಿ. ತೊಗರಿ ಜೋಳ ಬಿಟ್ಟರೆ ಬೇರೆ ಮಾತಿಲ್ಲದ ಆ ಪೇಟೆಯಲ್ಲಿ ಇದನ್ನು ನೋಡಲು ಅರ್ಧ ಓಣಿ ಬಾಗಿಲಿಗೆ ಬಂದು ನಿಂತಿತು.

"ಇದರಾಗ ಏನ್ ಹಾಕ್ತಿಯೋ? ಉಪ್ಪಿನಕಾಯಿ?" ಎಂದು ಕೇಳಿದರು ತಾಯಿ ಗುರುಶಾಂತಮ್ಮ.

"ಮೀನ ಸಾಕ್ತೇನಿ ಯವ್ವ. ಬಣ್ಣಬಣ್ಣದ ಮೀನ."

ಗುರುಶಾಂತಮ್ಮ ಬ್ಯಾಳಿ ಕೇರುತ್ತಿದ್ದ ಮೊರ ಕೆಳಗಿಟ್ಟರು. "ಲಿಂಗ ಕಟ್ಟಿದ ಮನ್ಯಾಗ ಮೀನ? ಮಂದಿ ಏನಂದಾರು?"

"ತಿನ್ನಾಕಲ್ಲಬೇ, ನೋಡಾಕ."

"ನೋಡಾಕ ಅಂತ ಹುಂಜ ಕಟ್ಟಿಕೊಂಡವರು ಆಮ್ಯಾಲ ಏನ್ ಮಾಡ್ತಾರಂತ ನನಗ ಗೊತ್ತದ."

ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಸೊಸೆ ಸುಭದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅಫಜಲಪುರದ ಕಡೆಯ ಕರಜಗಿಯಿಂದ ಮದುವೆಯಾಗಿ ಬಂದು ಮೂರು ವರ್ಷವಾಗಿತ್ತು. ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅತ್ತೆಯ ಮಾತಿಗೆ ಹೆದರುತ್ತಿದ್ದಳು, ಆದರೆ ಕೇಳಲು ಅವಳಿಗೆ ಬಹಳ ಇಷ್ಟ.

ಕಡೆಗೆ ನ್ಯಾಯ ಮಾಡಿದವರು ಕಲ್ಯಾಣಪ್ಪನವರು. ಸಾಹೇಬನ ಮಾಲಿ ಇಸ್ಮಾಯಿಲ ಒಂದು ಮಾತು ಹೇಳಿ ಕಳಿಸಿದ್ದ: ಮೊದಲು ನೀರೊಳಗಿನ ಗಿಡ ಬೆಳೆಸಬೇಕು, ಅವು ಬೇರು ಬಿಟ್ಟು ನಾಲ್ಕಾರು ವಾರವಾದ ಮೇಲೆ ಮೀನು, ಗಿಡವಿದ್ದರೆ ನೀರು ತಿಳಿಯಾಗಿರುತ್ತದೆ, ಮೀನು ಬದುಕುತ್ತದೆ. "ಹಂಗಾರ ಮೊದಲ ಗಿಡ ಬೆಳಸಿ ತೋರಸು. ಮೀನಿನ ಮಾತು ಆಮ್ಯಾಲ," ಎಂದರು ಅವರು. ಗಿಡ ಬೆಳೆಯುವುದಿಲ್ಲ, ಮೀನು ಬರುವುದಿಲ್ಲ ಎಂಬ ಧೈರ್ಯ ಆ ಮಾತಿನೊಳಗೆ ಇತ್ತು.

ದೌಲತರಾಯನಿಗೆ ನೆಲದ ಬೇಸಾಯವೇ ಗೊತ್ತಿರಲಿಲ್ಲ, ನೀರಿನ ಬೇಸಾಯ ಎಲ್ಲಿಂದ ಗೊತ್ತಿರಬೇಕು? ಆದರೂ ಗುತ್ತಿಗೆ ಹಿಡಿದವನಂತೆ ಹೊರಟ. ಸರಸಂಬಾದ ಹೊಲದಿಂದ ಒಂದು ಬುಟ್ಟಿ ಎರೆಮಣ್ಣು ತರಿಸಿದ, ಮೇಲೆ ಎರಡು ಬೊಗಸೆ ತಿಪ್ಪೆಗೊಬ್ಬರ ಬೆರೆಸಿದ. ಊರ ಹೊರಗಿನ ಕೆರೆಯಿಂದ ತಾವರೆಯ ಗೆಡ್ಡೆ ಕಿತ್ತು ತಂದು ನೆಟ್ಟ. ನೀರು ತುಂಬುವ ಕೆಲಸ ಹೆಂಡತಿಯದು: ಹಿತ್ತಲ ಬಾವಿಯಿಂದ ಹನ್ನೊಂದು ಕೊಡ. ಸಂಜೆಗೆ ತೊಟ್ಟಿಯೊಳಗೆ ಕಷಾಯ ಕಂಡಂತಾಯಿತು. ಮೂರನೇ ದಿನ ವಾಸನೆ ಎದ್ದಿತು. ಆರನೇ ದಿನ ಊಟಕ್ಕೆ ಕೂತ ಕಲ್ಯಾಣಪ್ಪನವರು ರೊಟ್ಟಿ ಮುರಿದವರು ಹಾಗೇ ನಿಲ್ಲಿಸಿ, ಮೂಗು ಏರಿಸಿದರು.

"ಸುಭದ್ರಾ, ಪುಂಡಿಪಲ್ಲೆ ಹಳಸೇತೇನವ್ವ?"

"ಇಲ್ರಿ ಮಾಮಾರ, ಅದು ತೊಟ್ಟಿದು."

"ಎಮ್ಮಿ ಕೊಟ್ಟಿಗಿ ಹಿತ್ತಲದಾಗಿತ್ತು," ಎಂದರು ಗುರುಶಾಂತಮ್ಮ, ಮಗನ ತಾಟಿಗೆ ಶೇಂಗಾ ಚಟ್ನಿ ಬಡಿಸುತ್ತ. "ನಿಮ್ಮ ಮಗ ಪಡಸಾಲಿಗೆ ತಂದಾನ."

ದೌಲತರಾಯ ಊಟ ಬಿಟ್ಟು ಎದ್ದ. ತೊಟ್ಟಿ ಖಾಲಿ ಮಾಡಿ, ತೊಳೆದು, ಮತ್ತೆ ಹನ್ನೊಂದು ಕೊಡ ಹೊಯ್ಯುವಾಗ ಸುಭದ್ರಾಬಾಯಿಯ ಅಂಗೈಯಲ್ಲಿ ಹಗ್ಗದ ಗುಳ್ಳೆ ಎದ್ದಿದ್ದವು. ಎರಡನೇ ಸಲ ಕೆರೆಯ ಹಾವಸೆ ತಂದು ಹಾಕಿದ. ನೀರೆಲ್ಲ ಹಸಿರು ಗಂಜಿಯಾಯಿತು. ಮತ್ತೆ ಹನ್ನೊಂದು ಕೊಡ.

ಆ ಮನೆಯ ಹಿತ್ತಲಿಗೆ ದಿನಾ ಮುಂಜಾನೆ ಸಾಬವ್ವ ಬರುತ್ತಿದ್ದಳು. ಕೊಟ್ಟಿಗೆ ಗುಡಿಸಿ ಸಗಣಿ ಎತ್ತುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದಳು. ಅವಳ ಕೇರಿಯ ಬಾವಿ ಹೋಳಿಹುಣ್ಣಿಮೆ ಬರುವುದರೊಳಗೆ ತಳ ಕಾಣುತ್ತಿತ್ತು. ಆಮೇಲೆ ಮಳೆ ಬೀಳುವವರೆಗೆ ಕೇರಿಯ ಹೆಂಗಸರು ದೊಡ್ಡವರ ಹಿತ್ತಲಲ್ಲಿ ಕೊಡ ಇಟ್ಟು ನಿಲ್ಲಬೇಕು. ಬಾವಿಯ ಹಗ್ಗ ಮುಟ್ಟುವ ಹಾಗಿಲ್ಲ; ಮನೆಯವರು ಸೇದಿ ಮೇಲಿನಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಎರಡು ಮೈಲು ದೂರದ ಹಳ್ಳದಲ್ಲಿ ಒರತೆ ತೋಡಬೇಕು. ಸಾಬವ್ವನ ಪಾಲಿಗೆ ದಿನಕ್ಕೆ ಎರಡು ಕೊಡ, ಹೊಯ್ಯುವವಳು ಸುಭದ್ರಾಬಾಯಿ. ಇಬ್ಬರ ತವರೂರೂ ಕರಜಗಿ. ಹಿತ್ತಲ ಬಾಗಿಲ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು ಭೀಮಾ ಹೊಳೆಯ ಮಾತಾಡುವ ಆ ಹೊತ್ತಿಗಾಗಿ ಸುಭದ್ರಾಬಾಯಿ ದಿನಾ ಕಾಯುತ್ತಿದ್ದಳು. ಆಳಂದದಲ್ಲಿ ಅವಳಿಗೆ ಹೊಳೆಯಿಲ್ಲ ಎಂಬುದೊಂದೇ ಕೊರತೆ.

"ಸಣ್ಣವ್ವಾರ, ಕೈಗೆ ಏನಾತ್ರಿ?" ಸಾಬವ್ವ ಕೇಳಿದಳು.

ಸುಭದ್ರಾಬಾಯಿ ತೊಟ್ಟಿಯ ಕಥೆ ಹೇಳಿದಳು. ಸಾಬವ್ವ ಕಸಬರಿಗೆ ಬಿಟ್ಟು ನೆಲಕ್ಕೆ ಕೂತು ನಕ್ಕಳು. "ಗೊಬ್ಬರಾ ಹಾಕ್ಯಾರ? ಯಪ್ಪಾ! ತೊಗರಿ ಬಿತ್ತ್ಯಾರೇನು? ಉಸುಕು ಬೇಕ್ರಿ ಅದಕ್ಕ, ಬರೇ ಉಸುಕು. ಹೊಳ್ಯಾಗ ನೋಡಿಲ್ಲೇನು?"

"ಹೊಳ್ಯಾಗ ರಿಬ್ಬನ್ ಹಂಗ ಉದ್ದಾನ ಹುಲ್ಲು ಇರ್ತಿತ್ತಲ್ಲ, ಅದು ಬರ್ತದೇನು?"

"ಬರ್ತದ್ರಿ. ಆದ್ರ ನಡು ಹೊಳೀದು ತರಬಾರದು. ಓಡೋ ನೀರಿನ ಹುಲ್ಲು ನಿಂತ ನೀರಾಗ ಬಾಳೂದಿಲ್ಲ. ಮಡುವಿನ ಹುಲ್ಲು ತರಬೇಕು, ಅದಕ್ಕ ನಿಂತು ರೂಢಿ ಇರ್ತದ." ಸ್ವಲ್ಪ ತಡೆದು ತುಂಟತನದಿಂದ ಸೇರಿಸಿದಳು: "ಸೊಸಿ ತರೂದೂ ಹಂಗ ನೋಡ್ರಿ."

ಹೋಳಿ ಹಬ್ಬಕ್ಕೆ ತಮ್ಮನ ಮನೆಗೆಂದು ಕರಜಗಿಗೆ ಹೋದ ಸಾಬವ್ವ ಬರುವಾಗ ಬುಟ್ಟಿಯಲ್ಲಿ ಒದ್ದೆ ಗೋಣಿ ಸುತ್ತಿ ಗಿಡ ತಂದಳು, ತಮ್ಮನ ಹೆಗಲ ಮೇಲೆ ಒಂದು ಚೀಲ ಹೊಳೆಯ ಉಸುಕು. ಹಿತ್ತಲಲ್ಲಿ ಕೂತು ಆರಿಸಿದಳು. ಬೇರು ಬೆಳ್ಳಗಿದ್ದದ್ದು ಈ ಕಡೆ, ಕಪ್ಪಾದದ್ದು ತಿಪ್ಪೆಗೆ. ಪಟ್ಟಿಯಂಥ ಹುಲ್ಲು ಹದಿನಾಲ್ಕು ಬುಡ. ಬೆಕ್ಕಿನ ಬಾಲದಂತೆ ಜೂಲು ಜೂಲಾದ ಇನ್ನೊಂದು ಜಾತಿ ನಾಲ್ಕು ಎಳೆ. "ಈ ಬಾಲದ್ದಕ್ಕ ಬೇರಿಲ್ಲ, ಒಂದು ಕಲ್ಲಿನ ಹಳ್ಳು ಕಟ್ಟಿ ಮುಳಗಸ್ರಿ. ತಾವರಿ ಗಿವರಿ ಬ್ಯಾಡ, ಅದು ಮ್ಯಾಲ ಛತ್ರಿ ಹಿಡದು ಕೆಳಗಿನವಕ್ಕ ಬಿಸಲ ಬಿಡೂದಿಲ್ಲ." ಎಲ್ಲವನ್ನೂ ಉಪ್ಪು ನೀರಿನಲ್ಲಿ ಒಮ್ಮೆ ಅದ್ದಿ ತೆಗೆಸಿದಳು, ಎರಡು ಜಿಗಳೆ ಉದುರಿ ಬಿದ್ದವು. ಉಸುಕನ್ನು ತೊಳೆದ ನೀರು ತಿಳಿಯಾಗುವವರೆಗೆ ಏಳು ಸಲ ತೊಳೆಸಿದಳು.

ಬುಟ್ಟಿ ಒಳಗೆ ಬಂತು, ಉಸುಕು ಒಳಗೆ ಬಂತು, ಅದಕ್ಕೆಲ್ಲ ಗುರುಶಾಂತಮ್ಮನವರ ಅಡ್ಡಿಯಿಲ್ಲ. ಒಣಗಿದ್ದು, ಹಸಿಯದ್ದು ಎಲ್ಲದರ ಮೇಲೂ ಒಂದು ಹನಿ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡರು. ಸಾಬವ್ವ ಮಾತ್ರ ಹಿತ್ತಲ ಬಾಗಿಲ ಆಚೆ ನಿಂತು ಕೂಗಿ ಹೇಳಿದಳು, ಸುಭದ್ರಾಬಾಯಿ ಪಡಸಾಲೆಯಲ್ಲಿ ನೆಟ್ಟಳು. ಗೋಡೆಯಾಚೆಯಿಂದ ಪಾಠ ಹೇಳಿಸಿಕೊಂಡು ನೆಟ್ಟದ್ದು ಎಷ್ಟು ನಿಂತೀತು? ಮರುದಿನ ಅರ್ಧ ಹುಲ್ಲು ತೇಲಿತ್ತು. ಅದನ್ನು ನೋಡಿ ಉಳಿದದ್ದನ್ನು ಗಟ್ಟಿಯಾಗಿ ಒತ್ತಿ ಕುತ್ತಿಗೆವರೆಗೆ ಹೂತಳು. ಅದು ಬುಡದಲ್ಲಿ ಕೊಳೆಯತೊಡಗಿತು.

"ಸಾಕು ಬಿಡು," ಎಂದ ದೌಲತರಾಯ, ಚಪ್ಪಲಿ ಮೆಟ್ಟುತ್ತ. "ಅಡತಿ ಅಂಗಡ್ಯಾಗ ಎಲ್ಲಾರೂ ಕೇಳಾಕತ್ತಾರ, ಹುಲ್ಲು ಎಷ್ಟು ಮಣ ಬಂತು ಅಂತ. ನಾಳಿ ಅದರಾಗ ಜ್ವಾಳ ತುಂಬಿಡು."

ಅವತ್ತು ಮಧ್ಯಾಹ್ನ ಗುರುಶಾಂತಮ್ಮ ಮಠದ ಪುರಾಣಕ್ಕೆ ಹೋಗಿದ್ದರು, ಗಂಡಸರು ಅಂಗಡಿಯಲ್ಲಿ. ಸಾಬವ್ವ ಸಗಣಿ ಬುಟ್ಟಿ ಒಯ್ಯಲು ಬಂದವಳು ಬಾಗಿಲಲ್ಲಿ ಕೇಳಿದಳು: "ಇವತ್ತು ಹ್ಯಾಂಗದರೀ ಹುಲ್ಲು?"

ಸುಭದ್ರಾಬಾಯಿ ಆಚೆ ಈಚೆ ನೋಡಿದಳು. "ನೀನ ಬಂದು ನೋಡು."

"ಎಲ್ಲಿಗ್ರಿ?"

"ಒಳಗ. ಯಾರಿಲ್ಲ. ಒಂದ್ಸಲ ನಿನ್ನ ಕೈಲೆ ನೆಟ್ಟು ತೋರಸು, ಆಮ್ಯಾಲ ನಾ ಮಾಡ್ಕೋತೇನಿ."

"ಬ್ಯಾಡ್ರಿ ಸಣ್ಣವ್ವಾರ. ದೊಡ್ಡವ್ವಾರಿಗೆ ಗೊತ್ತಾದ್ರ..."

"ನಾ ಕರಿಯಾಕತ್ತೇನಲ್ಲ. ಏನರ ಬಂದ್ರ ನಾ ಇದ್ದೇನಿ, ಬಾ."

ಸಾಬವ್ವ ಕಲ್ಲಿನ ಮೇಲೆ ಮೂರು ಸಲ ಕಾಲು ತೊಳೆದುಕೊಂಡಳು. ಸೀರೆಯನ್ನು ಮೈಗೆ ಬಿಗಿಯಾಗಿ ಹಿಡಿದು, ಯಾವ ಗೋಡೆಗೂ ತಾಗದಂತೆ, ಎಡಕ್ಕೆ ಬಲಕ್ಕೆ ನೋಡದೆ ಪಡಸಾಲೆಗೆ ಬಂದಳು. ಆದರೆ ತೊಟ್ಟಿಯ ಮುಂದೆ ನಿಂತಳು ನೋಡಿ, ಆ ಸಂಕೋಚವೆಲ್ಲ ಎಲ್ಲಿ ಹೋಯಿತೋ! ಮೊಣಕೈವರೆಗೆ ಕೈ ಇಳಿಬಿಟ್ಟು, ಎರಡು ಬೆರಳ ನಡುವೆ ಬುಡ ಹಿಡಿದು, ಉಸುಕಿನಲ್ಲಿ ಓರೆಯಾಗಿ ಜಾರಿಸಿ, ಆಮೇಲೆ ಸ್ವಲ್ಪ ಮೇಲಕ್ಕೆ ಎಳೆದು ಬಿಟ್ಟಳು. "ಬೇರು ಒಳಗ, ಕುತ್ತಿಗಿ ಹೊರಗ. ಇಲ್ಲಿ ನೋಡ್ರಿ, ಬಿಳೀದು ಮುಗಿದು ಹಸರು ಶುರುವಾಗೋ ಜಾಗ. ಅದು ಉಸುಕಿನ ಮ್ಯಾಲ ಕಾಣಬೇಕು. ಕುತ್ತಿಗಿ ಹೂತ್ರ ಯಾರು ಬದುಕ್ತಾರ?" ಅರ್ಧ ನೀರು ಮೊಗೆದು ಹಗುರ ಮಾಡಿ, ತೊಟ್ಟಿಯನ್ನು ಇಬ್ಬರೂ ಹಿಡಿದು ಮೂಡಣ ಕಿಟಕಿಯ ಕಡೆಗೆ ಒಂದು ಗೇಣು ಸರಿಸಿದರು. ಮುಂಜಾನೆಯ ಬಿಸಿಲು ಸಾಕು, ಮಧ್ಯಾಹ್ನದ್ದು ಬಿದ್ದರೆ ಹಾವಸೆ ಕಟ್ಟುತ್ತದೆ.

ಪೂರ್ತಿ ಕೊಳೆತ ಒಂದನ್ನು ಬಿಟ್ಟು ಉಳಿದ ಹದಿಮೂರು ಬುಡ ನೆಟ್ಟಾದ ಮೇಲೆ ಇಬ್ಬರೂ ಗಾಜಿನ ಮುಂದೆ ಕೂತು ನೋಡಿದರು. "ಕರಜಗಿ ಮಡು ಬಂದು ಪಡಸಾಲ್ಯಾಗ ಕುಂತಂಗಾತು," ಎಂದಳು ಸಾಬವ್ವ. ಸುಭದ್ರಾಬಾಯಿ ಮದುವೆಯಾದ ಮೇಲೆ ಅಷ್ಟು ಸುಖವಾಗಿ ಯಾರ ಪಕ್ಕದಲ್ಲೂ ಕೂತಿರಲಿಲ್ಲ.

ಹುಲ್ಲು ಹಿಡಿಯಿತು. ಯುಗಾದಿಯ ಹೊತ್ತಿಗೆ ಒಂದೊಂದು ಬುಡವೂ ಬಳ್ಳಿ ಬಿಟ್ಟು ಮಗ್ಗುಲಲ್ಲಿ ಮರಿ ಹಾಕಿತು. ಎಲೆಗಳು ನೀರಿನ ಮೇಲ್ಮೈ ಮುಟ್ಟಿ ಬಾಗಿದವು. ಮುಂಜಾನೆ ಬಿಸಿಲು ಬಿದ್ದರೆ ಎಲೆಯ ತುದಿಯಿಂದ ಸಣ್ಣ ಗುಳ್ಳೆಗಳು ಎದ್ದು ಮೇಲೆ ಹೋಗುತ್ತಿದ್ದವು. ನೀರು ತಿಳಿಯಾಯಿತೆಂದರೆ ಎಷ್ಟು ತಿಳಿ, ಆಚೆ ಗೋಡೆಯ ಸುಣ್ಣದ ಬಿರುಕು ಕಾಣುತ್ತಿತ್ತು. ಕಲ್ಯಾಣಪ್ಪನವರು ಊಟವಾದ ಮೇಲೆ ಅಡಿಕೆ ಹಾಕಿಕೊಂಡು ಅದರ ಮುಂದೆ ಕೂರುವುದು ರೂಢಿಯಾಯಿತು. ಸಂಜೆ ಏಕತಾರಿ ಹಿಡಿದು ವಚನ ಹಾಡುವುದೂ ಅಲ್ಲಿಯೇ. ದೌಲತರಾಯ ಅಂಗಡಿಗೆ ಬಂದವರನ್ನೆಲ್ಲ ಮನೆಗೆ ಕರೆತಂದು ತೋರಿಸಿದ. "ನಮ್ಮ ಸುಭದ್ರಾಂದು ಕೈಗುಣ," ಎಂದು ಗುರುಶಾಂತಮ್ಮ ಹೇಳಿದಾಗ ಸುಭದ್ರಾಬಾಯಿ ತಲೆ ತಗ್ಗಿಸಿ ನಕ್ಕಳೇ ಹೊರತು ತಿದ್ದಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಆಮೇಲೆ ಗುರುಶಾಂತಮ್ಮ ಯಾರೂ ಎಣಿಸದ ಒಂದು ಕೆಲಸ ಮಾಡಿದರು. ಬೇಸಿಗೆಗೆ ಮಠದ ಬಿಲ್ವದ ಗಿಡ ಎಲೆ ಉದುರಿಸಿ ಬೋಳಾಗಿ ನಿಂತಿತ್ತು. ಪೂಜೆಗೆ ಪತ್ರಿ ಇಲ್ಲ. ಯುಗಾದಿಯ ಮುಂದಿನ ಸೋಮವಾರ ಅವರು ಸ್ನಾನ ಮಾಡಿ ಮಡಿಯುಟ್ಟು ಬಂದು, ತೊಟ್ಟಿಯ ಹುಲ್ಲಿನ ಮೂರು ಎಲೆ ಚಿವುಟಿಕೊಂಡು, ಒಂದು ಗಿಂಡಿ ನೀರೂ ಮೊಗೆದುಕೊಂಡು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂತರು. ಭೀಮೆಯ ಹುಲ್ಲು ಆಡಿದ ನೀರು ಭೀಮೆಯ ನೀರೇ ಎಂಬುದು ಅವರ ವಿಚಾರ. ಮುಗಿಸಿ ಬಂದು ಗಾಜಿಗೆ ಮೂರು ಬೆರಳ ವಿಭೂತಿ ಎಳೆದು ಮಗನಿಗೆ ಹೇಳಿದರು: "ಇನ್ನ ಇದರಾಗ ಮೀನ ಬಿಟ್ಟೀ ಅಂದ್ರ ನೋಡು."

"ಅಯ್ಯೋ, ಮೀನಿನ ಸಲುವಾಗೇ ಹುಲ್ಲು ಬೆಳಸಿದ್ದಲ್ಲಬೇ!"

"ಹುಲ್ಲು ಶಿವನ ಸಲುವಾಗಿ ಬೆಳದದ."

ಅಪ್ಪ ಮಗ ಇಬ್ಬರೂ ನಕ್ಕರು. ನಗದವಳು ಸುಭದ್ರಾಬಾಯಿ ಒಬ್ಬಳೇ. ಆ ನೀರಿನಲ್ಲಿ ಮೊಣಕೈವರೆಗೆ ಇಳಿದ ಕೈ ಯಾರದೆಂದು ಅವಳಿಗೆ ಗೊತ್ತು. ಅವತ್ತೇ ಹೇಳಿಬಿಟ್ಟಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತೇನೋ. ನಾಳೆ ಹೇಳಿದರಾಯಿತು ಎಂದುಕೊಂಡಳು. ಮೂರು ಸೋಮವಾರ ಹಾಗೇ ಹೋದವು.

ನಾಲ್ಕನೇ ಸೋಮವಾರ ಪೂಜೆ ಮುಗಿಸಿ ಗುರುಶಾಂತಮ್ಮ ಹಿತ್ತಲಿಗೆ ಬಂದರು. ನೆರೆಮನೆಯ ಗುರುಬಾಯಿ ಮಜ್ಜಿಗೆಗೆಂದು ಬಂದು ಕಟ್ಟೆಯ ಮೇಲೆ ಕೂತಿದ್ದಳು. ಸಾಬವ್ವ ಕೊಟ್ಟಿಗೆ ಗುಡಿಸುತ್ತಿದ್ದಳು. ಸುಭದ್ರಾಬಾಯಿ ಬಾವಿಯಿಂದ ಅವಳ ಎರಡನೇ ಕೊಡಕ್ಕೆ ನೀರು ಸೇದುತ್ತಿದ್ದಳು.

"ಸಾಬವ್ವ," ಎಂದರು ಗುರುಶಾಂತಮ್ಮ, ಒಳ್ಳೆ ಹುರುಪಿನಲ್ಲಿ, "ನೀ ತಂದ ಹುಲ್ಲು ಪುಣ್ಯದ್ದು ಬಿಡು. ನಾಲ್ಕು ಸೋಮವಾರ ಆತು, ಅದರ ಎಲಿನ ನನ್ನ ಲಿಂಗಕ್ಕ ಏರಸಾಕತ್ತೇನಿ."

ಸಾಬವ್ವ ಕಸಬರಿಗೆ ಕೆಳಗೆ ಬಿಟ್ಟು ಎರಡೂ ಕೈ ಜೋಡಿಸಿದಳು. ಅವಳ ಕಣ್ಣು ತುಂಬಿ ಬಂದವು. "ಖರೇನರೀ ದೊಡ್ಡವ್ವಾರ? ನನ್ನ ಕೈಲೆ ನೆಟ್ಟ ಹುಲ್ಲು ಶಿವನ ತಲಿಗೇರ್ತೇನ್ರಿ? ನಮ್ಮ ಏಳು ತಲಿಮಾರಿನ ಪುಣ್ಯಾರಿ!"

ಬಾಯಿತಪ್ಪಿ ಬಂದ ಮಾತಲ್ಲ ಅದು, ಸಂತೋಷ ತಾಳಲಾರದೆ ಬಂದದ್ದು. ಗುರುಬಾಯಿಯ ಕೈಯ ಮಜ್ಜಿಗೆ ಚೆಂಬು ಅಲ್ಲೇ ನಿಂತಿತು.

"ನಿನ್ನ ಕೈಲೆ?" ಗುರುಶಾಂತಮ್ಮನವರ ದನಿ ಇಳಿಯಿತು. "ನೀ ಯಾವಾಗ ನೆಟ್ಟಿ?"

ಸಾಬವ್ವ ಜೋಡಿಸಿದ ಕೈ ಇಳಿಸಿದಳು. ಸುಭದ್ರಾಬಾಯಿಯ ಕಡೆ ನೋಡಿದಳು.

"ಪಡಸಾಲ್ಯಾಗ ಬಂದಿದ್ದೇನು? ಯಾರಿಲ್ಲದಾಗ? ಸುಭದ್ರಾ, ನೀ ಕರದಿದ್ದೇನು?"

ಗುರುಬಾಯಿ ನೋಡುತ್ತಿದ್ದಳು. ಗುರುಬಾಯಿ ನೋಡಿದ್ದು ಸಂಜೆಯೊಳಗೆ ಓಣಿಯೆಲ್ಲ ನೋಡಿದಂತೆ. ಲಿಂಗಕ್ಕೆ ಮೈಲಿಗೆ ಮಾಡಿಸಿದ ಸೊಸೆ ಎಂದು ಕರಜಗಿಯವರೆಗೆ ಹೋಗುತ್ತದೆ, ಅಪ್ಪನ ಕಿವಿಗೆ ಬೀಳುತ್ತದೆ. ಸುಭದ್ರಾಬಾಯಿಯ ಬಾಯಿಂದ ಮಾತು ಬಂದೇಬಿಟ್ಟಿತು:

"ಇಲ್ರಿ ಅತ್ತಿ. ನಾ ಕರದಿಲ್ಲ. ನಾ ಒಳಗ ಮಲ್ಕೊಂಡಿದ್ದೆ, ಎದ್ದು ಬರೂದ್ರಾಗ ಅಕಿ ಬಂದಿದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಬವ್ವ ಎದುರಾಡಲಿಲ್ಲ. ಒಂದು ಕೊಡ ತುಂಬಿತ್ತು, ಇನ್ನೊಂದು ಖಾಲಿ. ಗುರುಶಾಂತಮ್ಮ ಹಗ್ಗ ಕಸಿದುಕೊಂಡರು. "ಇನ್ನ ಈ ಹಿತ್ತಲದಾಗ ನಿನಗ ಒಂದು ಹನಿ ನೀರಿಲ್ಲ. ನಡಿ." ಸಾಬವ್ವ ತುಂಬಿದ ಕೊಡವನ್ನೂ ಅಲ್ಲೇ ಬಗ್ಗಿಸಿ ಚೆಲ್ಲಿ, ಎರಡೂ ಖಾಲಿ ಕೊಡ ಕಂಕುಳಲ್ಲಿ ಹಿಡಿದು ಹೋದಳು.

ತೊಟ್ಟಿಯ ನೀರನ್ನು ಸುಭದ್ರಾಬಾಯಿಯೇ ಮೊಗೆದು ಚೆಲ್ಲಬೇಕಾಯಿತು. ಹುಲ್ಲನ್ನು ಬುಡ ಸಮೇತ ಕಿತ್ತು ತಿಪ್ಪೆಗೆ ಹಾಕಿದಳು. ಉಸುಕಿನಲ್ಲಿ ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಂತೆ ಎದ್ದು ಬಂತು. ದೌಲತರಾಯ ಬಂದು ನೋಡಿ ಹೌಹಾರಿದ. "ಯಾರದೋ ಕೈ ಬಿದ್ರ ಹುಲ್ಲೇನು ಮಾಡಿತ್ತು? ಮೂರು ಸಲ ಕೆಟ್ಟ ಮ್ಯಾಲ ಹಿಡದಿತ್ತಲ್ಲಬೇ!" ಅವನ ಸಂಕಟವೆಲ್ಲ ತೊಟ್ಟಿಯ ಮೇಲೆ. ಸಾಬವ್ವನ ನೀರಿನ ಮಾತು ಅವನ ಬಾಯಲ್ಲಿ ಬರಲಿಲ್ಲ. ಮಾವನಾದರೂ ಏನಾದರೂ ಹೇಳಿಯಾರು ಎಂದು ಸುಭದ್ರಾಬಾಯಿ ಬಡಿಸುತ್ತ ಕಾದಳು. ಜಾತಿಯಿಲ್ಲ, ಕುಲವಿಲ್ಲ ಎಂದು ದಿನಾ ಸಂಜೆ ಹಾಡುವ ಹಿರಿಯರು. ಕಲ್ಯಾಣಪ್ಪನವರು ಬ್ಯಾಳಿಗೆ ತುಪ್ಪ ಹಾಕಿಸಿಕೊಂಡು ಹೇಳಿದರು: "ಹೆಂಗಸರ ಕಾರಭಾರದಾಗ ನಾ ಬಾಯಿ ಹಾಕೂದಿಲ್ಲ." ಅವತ್ತು ಸಂಜೆ ಏಕತಾರಿ ಗೂಟದಲ್ಲೇ ಇತ್ತು. ಮೂರನೇ ದಿನದಿಂದ ಮತ್ತೆ ಹಾಡತೊಡಗಿದರು.

ಕೊಟ್ಟಿಗೆ ಗುಡಿಸಲು ಈಗ ಸಾಬವ್ವನ ಸೊಸೆ ಮಾಳಮ್ಮ ಬರುತ್ತಿದ್ದಳು. ಐದು ತಿಂಗಳ ಬಸುರಿ. ಕೊಡ ತರುತ್ತಿರಲಿಲ್ಲ. ಅತ್ತೆ ಮಲಗಿದ್ದ ಒಂದು ಮಧ್ಯಾಹ್ನ ಸುಭದ್ರಾಬಾಯಿ ಒಂದು ಕೊಡ ಸೇದಿಟ್ಟು ಕರೆದಳು: "ಮಾಳವ್ವ, ಇದನ್ನ ಒಯ್ಯಿ."

"ಬ್ಯಾಡ್ರಿ. ಅತ್ತಿ ಬ್ಯಾಡಂದಾಳ್ರಿ."

"ನಿಮ್ಮತ್ತಿಗೆ ನಾ ಹೇಳ್ತೇನಿ."

ಮಾಳಮ್ಮ ತಲೆ ಎತ್ತಿ ನೋಡಿದಳು. "ನೀವು ಹೇಳೂದನ್ನ ಅತ್ತಿ ಅವತ್ತ ಹಿತ್ತಲದಾಗ ಕೇಳ್ಯಾಳಲ್ರಿ," ಎಂದಳು. ಒರಟಾಗಿ ಅಂದದ್ದಲ್ಲ. ಸಗಣಿ ಬುಟ್ಟಿ ತಲೆಗೇರಿಸಿಕೊಂಡು ಹೋದಳು. ಸಾಬವ್ವನ ಮೊಣಕಾಲು ಹಿಡಿದಿದೆಯೆಂದೂ ಹಳ್ಳದಿಂದ ನೀರು ಹೊರುವವಳು ಮಾಳಮ್ಮನೇ ಎಂದೂ ಸುಭದ್ರಾಬಾಯಿಗೆ ಆಮೇಲೆ ತಿಳಿಯಿತು. ಅವತ್ತಿನಿಂದ ಅವಳು ಅರ್ಧ ರೊಟ್ಟಿಗೇ ಊಟ ಬಿಟ್ಟು ಏಳತೊಡಗಿದಳು.

ಬಸವಜಯಂತಿ ಕಳೆದ ಮೇಲೆ ಮಠದ ಅಯ್ಯನವರು ಊಟಕ್ಕೆ ಬಂದರು. ಗುರುಶಾಂತಮ್ಮ ಅಳುಕುತ್ತ ಎಲ್ಲ ಹೇಳಿ, ಲಿಂಗಕ್ಕೆ ಏನು ಶುದ್ಧಿ ಮಾಡಬೇಕು ಎಂದು ಕೇಳಿದರು. ಅಯ್ಯನವರು ನಕ್ಕುಬಿಟ್ಟರು. "ಲಿಂಗಕ್ಕ ಸೂತಕ ಎಲ್ಲಿಂದ ಬಂತು ತಾ‌ಯಿ? ನಮ್ಮ ಮಾರ್ಗದಾಗ ಇಲ್ಲದ್ದು ನೀ ಎಲ್ಲಿಂದ ತಂದಿ?" ಅಷ್ಟು ಹೇಳಿ ಹೋಳಿಗೆಗೆ ಹಾಲು ಹಾಕಿಸಿಕೊಂಡರು. ಸಾಬವ್ವನ ಮನೆಗೆ ನೀರು ಹೋಗುತ್ತಿದೆಯೇ ಎಂದು ಅವರೂ ಕೇಳಲಿಲ್ಲ.

ಅತ್ತೆಯ ಮುಖ ಹಗುರಾದದ್ದನ್ನು ಕಂಡು ಸುಭದ್ರಾಬಾಯಿ ಧೈರ್ಯ ಮಾಡಿದಳು. "ಹಂಗಾರ ಸಾಬವ್ವಗ ನೀರು ಹೊಯ್ಯಬಹುದಲ್ರಿ ಅತ್ತಿ?"

"ಮೈಲಿಗಿ ಮಾತು ಮುಗೀತು," ಎಂದರು ಗುರುಶಾಂತಮ್ಮ. "ಆದ್ರ ಯಾರಿಲ್ಲದ ಮನಿಗೆ ಕರೀಲಾರದ ಹೊಕ್ಕಳಲ್ಲ, ಅದಕ್ಕೇನಂತಿ? ಇವತ್ತು ಹುಲ್ಲು ನೆಡಾಕ ಬಂದಾಕಿ ನಾಳೆ ಯಾತಕ್ಕ ಬಂದಾಳು ಅಂತ ಗುರುಬಾಯಿ ಓಣಿ ತುಂಬ ಕೇಳಾಕತ್ತಾಳ."

ಈಗ ಅಡ್ಡ ನಿಂತಿದ್ದದ್ದು ಅವಳ ಸುಳ್ಳೊಂದೇ. ಶಾಸ್ತ್ರ ಬಿಟ್ಟಿತ್ತು, ಲಿಂಗ ಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಒಂದು ಸೌದೆ ತುಂಡು ಕೇಳದೆ ಮುಟ್ಟದ ಹೆಂಗಸಿಗೆ ತಾನು ಕಳ್ಳಿಯ ಹೆಸರು ತಂದಿದ್ದಳು. ನಾಲ್ಕು ದಿನ ಆ ಮಾತನ್ನು ನುಂಗಿಕೊಂಡು ತಿರುಗಿದಳು. ಐದನೇ ದಿನ, ಒಲೆಯ ಮುಂದೆ ಅತ್ತೆ ರೊಟ್ಟಿ ತಟ್ಟುತ್ತಿದ್ದಾಗ, ಹಿಟ್ಟಿನ ಕೈಯಲ್ಲೇ ಹೇಳಿದಳು:

"ಅತ್ತಿ, ಸಾಬವ್ವನ್ನ ನಾನ ಕರದಿದ್ದೆ. ಅಕಿ ಬ್ಯಾಡಂದ್ರೂ ನಾನ ಕರದೆ."

ಗುರುಶಾಂತಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಗೊತ್ತದ," ಎಂದರು.

ಸುಭದ್ರಾಬಾಯಿ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು.

"ಇಷ್ಟು ವರ್ಷದಾಗ ಅಕಿ ಒಂದಿನ ಹೊಸ್ತಿಲ ಮ್ಯಾಲ ಕೈ ಇಟ್ಟಾಕಿ ಅಲ್ಲ. ಕರೀಲಾರದ ಬರ್ತಾಳೇನು? ನಿನ್ನ ಮಾರಿ ನೋಡಿದಾಗ ಗೊತ್ತಾತು ನನಗ."

"ಮತ್ತ ಯಾಕ ಸುಮ್ಮನಿದ್ರಿ?"

"ನೀ ನನ್ನ ಸೊಸಿ. ಗುರುಬಾಯಿ ಮುಂದ ನನ್ನ ಸೊಸಿ ಸುಳ್ಳ ಹೇಳ್ಯಾಳಂತ ನಾ ಹ್ಯಾಂಗ ಅನ್ಲಿ? ಮನಿ ಇಜ್ಜತ್ ಏನಾಗಬೇಕು?" ರೊಟ್ಟಿ ಹೆಂಚಿಗೆ ಹಾಕಿ ನೀರು ಸವರಿದರು. "ಒಂದ ಹಾದಿ ಅದ. ಅಕಿ ಬಂದು ತಪ್ಪಾತು ಅಂತ ಒಂದ ಮಾತು ಅನ್ಲಿ, ಗುರುಬಾಯಿ ಮುಂದ. ಅಲ್ಲಿಗೆ ಎಲ್ಲಾ ಮುಗೀತು. ನಾಳಿಂದ ಎರಡಲ್ಲ, ಮೂರು ಕೊಡ ಹೊಯ್ಯಿ. ಅಕಿ ಸೊಸಿನೂ ಬಸರಿ."

ಇದನ್ನು ಕೇಳಿ ಸುಭದ್ರಾಬಾಯಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿನ ಗುಂಡು ಇಳಿದಂತಾಯಿತು. ಅತ್ತೆಗೆ ಗೊತ್ತು, ಬೈಯಲಿಲ್ಲ, ಊರಿಗೆ ಗೊತ್ತಾಗುವುದಿಲ್ಲ, ಸಾಬವ್ವನಿಗೆ ನೀರೂ ಸಿಗುತ್ತದೆ. ಅವತ್ತು ಎಷ್ಟೋ ದಿನದ ಮೇಲೆ ಎರಡು ರೊಟ್ಟಿ ಉಂಡಳು. ಆ ಎರಡು ರೊಟ್ಟಿಯನ್ನು ಅವಳು ಮುಂದೆ ಜೀವನವೆಲ್ಲ ನೆನೆದು ನಾಚಿಕೊಂಡಳು, ಆದರೆ ಅವತ್ತು ಉಂಡದ್ದು ನಿಜ. ಮಾಳಮ್ಮನ ಕೈಯಲ್ಲಿ ಹೇಳಿ ಕಳಿಸಿದಳು.

ಮರುದಿನ ಮುಂಜಾನೆ ಸಾಬವ್ವ ಬಂದಳು. ಇಪ್ಪತ್ತೈದು ದಿನದಲ್ಲಿ ಸೊರಗಿದ್ದಳು. ಒಂದು ಕಾಲು ಎಳೆಯುತ್ತಿತ್ತು. ಮೂರು ಕೊಡಗಳನ್ನು ಮಾಳಮ್ಮ ಹಿಂದೆ ತಂದು ಕಲ್ಲಿನ ಮೇಲಿಟ್ಟಳು. ಗುರುಬಾಯಿಯನ್ನು ಮಜ್ಜಿಗೆಗೆ ಕರೆಸಿದ್ದರು. ಸುಭದ್ರಾಬಾಯಿ ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದಳು.

"ಏನ್ ಸಾಬವ್ವ?" ಎಂದರು ಗುರುಶಾಂತಮ್ಮ.

ಸಾಬವ್ವ ಬಾಗಿ ನೆಲ ಮುಟ್ಟಿದಳು. "ತಪ್ಪಾತ್ರಿ ದೊಡ್ಡವ್ವಾರ. ಕರೀಲಾರದ ಒಳಗ ಬಂದಿದ್ದೆ. ಇನ್ನೊಮ್ಮಿ ಬರೂದಿಲ್ರಿ."

ಒಂದು ಮಾತು ಸಾಕಿತ್ತು. ಅಲ್ಲ, ನಾನೇ ಕರೆದದ್ದು ಎಂದರೆ ಆಗುತ್ತಿತ್ತು. ಸುಭದ್ರಾಬಾಯಿ ಬಾವಿಯೊಳಗೆ ನೋಡಿದಳು. ಗುರುಬಾಯಿ ತೃಪ್ತಿಯಿಂದ ಮಜ್ಜಿಗೆ ಕುಡಿದು ಬಾಯಿ ಒರೆಸಿಕೊಂಡಳು. "ಆತು, ಆತು. ಹೊಯ್ಯವ್ವ ಸುಭದ್ರಾ," ಎಂದು ಗುರುಶಾಂತಮ್ಮ ಗುರುಬಾಯಿಯನ್ನು ಕರೆದುಕೊಂಡು ಒಳಗೆ ಹೋದರು. ಮಾಳಮ್ಮ ಕೊಟ್ಟಿಗೆಗೆ ಹೋದಳು.

ಇಬ್ಬರೇ ಉಳಿದರು. ಸುಭದ್ರಾಬಾಯಿ ಒಂದು ಕೊಡ ತುಂಬಿಸಿದಳು, ಎರಡನೆಯದು ತುಂಬಿಸಿದಳು. ಏನಾದರೂ ಹೇಳಿ ಸಾಬವ್ವನ ಮನಸ್ಸು ಹಗುರ ಮಾಡಬೇಕು ಎನಿಸಿತು. ಬಾಗಿ, ದನಿ ತಗ್ಗಿಸಿ, ದೊಡ್ಡ ಸಮಾಧಾನ ಹೇಳುವವಳಂತೆ ಅಂದಳು:

"ಸಾಬವ್ವ, ನಾ ಅತ್ತಿಗೆ ಎಲ್ಲಾ ಹೇಳೇನಿ. ನಿಂದೇನೂ ತಪ್ಪಿಲ್ಲ ಅಂತ ಅವರಿಗೆ ಗೊತ್ತದ. ಮೊದಲಿಂದಾನೂ ಗೊತ್ತಿತ್ತಂತ."

ಸಾಬವ್ವ ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದವಳು ನಿಲ್ಲಿಸಿದಳು.

"ಗೊತ್ತಿದ್ದೂ ನನ್ನ ಬಾಯಿಲೆ ಹೇಳಿಸಿದ್ರೇನ್ರಿ ಸಣ್ಣವ್ವಾರ?"

ಸಿಟ್ಟಿನಿಂದ ಕೇಳಿದ್ದರೆ ಸುಭದ್ರಾಬಾಯಿ ಅತ್ತುಬಿಡುತ್ತಿದ್ದಳು. ಸಾಬವ್ವ ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಕೊಡದ ಬಾಯಿಯ ಬಟ್ಟೆ ಕಟ್ಟಿ ಮುಗಿಸಿದಳು. ಆಮೇಲೆ ಸಿಂಬಿ ತಲೆಗಿಟ್ಟುಕೊಂಡು, ಕೊಡ ಎತ್ತಿಕೊಂಡು, ಕಾಲೆಳೆಯುತ್ತ ಕೇರಿಯ ಹಾದಿ ಹಿಡಿದಳು.